ಹಿತ್ತಲ ಸಿರಿ

ಮನೆಯ ಮುಂದೆ ರಂಗವಲ್ಲಿ, ಹಿಂದೆ ಹಿತ್ತಲು. ಇವೆರಡೂ ಇದ್ದರೇ ಅದು ಮನೆಯೆಂದು ನಮ್ಮ ಹಿರಿಯರು ಬಗೆದಿದ್ದರು. ಇಂದು ದಾವಣಗೆರೆಯ ಹೊಸ ಬಡಾವಣೆಗಳಲ್ಲಿ ಅಡ್ಡಾಡಿದರೆ ಗೋಡೆಯಿಂದ ಗೋಡೆಯವರೆಗೆ ಸಿಮೆಂಟಿನ ಹಾಸೇ ಕಾಣುವುದು. ಭದ್ರಾ ನಾಲೆಯ ನೀರುಂಡು ಬತ್ತ ಬೆಳೆದ ಗದ್ದೆಗಳು ಕೆಲವೆಡೆ ನಿವೇಶನಗಳಾದುವು. ಅಲ್ಲಿ ಎದ್ದ ಮನೆಗಳಿಗೆ ಅಂಗೈಯಗಲದ ಮಣ್ಣೂ ಬೇಡವಾಯಿತು. ಅನ್ಯರನ್ನು ಹಳಿಯುವ ಅಧಿಕಾರ ನಮಗಿಲ್ಲ. 2024ರ ಬೇಸಿಗೆಯಲ್ಲಿ ಹಿತ್ತಲಿಗೆ ಸಿಮೆಂಟು ಹಾಕಿಸಲೆಂದು ನಾವೂ ಮೇಸ್ತ್ರಿಗೆ ಹೇಳಿಕಳುಹಿಸಿದ್ದವರೇ.

ಅದಕ್ಕೆ ಕಾರಣವಿಲ್ಲದಿರಲಿಲ್ಲ. ಹಿಂದಿನ ವರ್ಷ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರವು ಸಾರಿತ್ತು. ಕುಡಿಯುವ ನೀರಿಗೇ ತತ್ವಾರವಿರುವಾಗ ಗಿಡಗಳಿಗೆ ನೀರೆರೆಯುವುದು ನ್ಯಾಯವೇ ಎಂಬುದು ನಮ್ಮ ಪ್ರಶ್ನೆ. ನಮ್ಮ ತಾಯಿಯವರು ಅದನ್ನು ಕೇಳಿ, "ಗಿಡ ನಲ್ಲಿ ನೀರು ಕೇಳ್ತೈತೇನಪ್ಪಾ? ನೀವು ಚೆಲ್ಲೋ ನೀರು ಕೊಟ್ಟರೆ ಅದಕ್ಕೆ ಸಾಕು" ಎಂದರು. ಅಂದು ಅಕ್ಕಿ, ಬೇಳೆ, ಸೊಪ್ಪು, ಕಾಯಿಪಲ್ಯೆಗಳನ್ನು ತೊಳೆದ ನೀರನ್ನೆಲ್ಲ ಹಿಡಿದಿಟ್ಟು ಸಂಜೆಗೆ ನಮಗೆ ತೋರಿಸಿದರು. ಒಂದು ಕೊಡ ತುಂಬಿ ಮಿಕ್ಕಿತ್ತು. ಮರುದಿನ ಬಂದ ಮೇಸ್ತ್ರಿಗೆ ಚಹಾ ಕೊಟ್ಟು ಹಿಂದಕ್ಕೆ ಕಳುಹಿಸಿದೆವು.

ಆ ಒಂದು ಕೊಡ ನೀರಿನಿಂದ ನಮಗೆ ದೊರೆತ ಸುಖವನ್ನು ವಾಚಕರೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಮೊದಲು ಮಣ್ಣಿನ ಮಾತು. ನಮ್ಮ ಹಿತ್ತಲಿನದು ಎರೆಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಡುವುದು. ಮಳೆಗಾಲದಲ್ಲಿ ಕಾಲಿಗೆ ಮೆತ್ತುವುದು. ನೀರು ನಿಂತರೆ ಬೇರು ಕೊಳೆಯುವುದು. ಅದಕ್ಕೆ ಕೆಮ್ಮಣ್ಣನ್ನೂ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಬೆರೆಸಿ ಗೇಣೆತ್ತರದ ಮಡಿಗಳನ್ನು ಕಟ್ಟಿದೆವು. ಇಲ್ಲಿಂದ ಸುಮಾರು 14 ಕಿಲೋಮೀಟರು ದೂರದ ಹರಿಹರದಲ್ಲಿ, ತುಂಗಭದ್ರೆಯ ದಡಕ್ಕೆ ಸಮೀಪವಿರುವ ನಮ್ಮ ಬಂಧುಗಳ ಹಿತ್ತಲಿನದಾದರೋ ಮರಳುಮಿಶ್ರಿತ ಮಣ್ಣು. ಎರೆದ ನೀರು ಕ್ಷಣದಲ್ಲಿ ಇಂಗಿಹೋಗುವುದು. ಅವರು ತಗ್ಗಾದ ಪಾತಿಗಳನ್ನು ಮಾಡಿ, ಒಣಗಿದ ತರಗೆಲೆ ಹೊದಿಸಿ ತೇವವನ್ನು ಕಾಯುವರು. ನೆರೆಮನೆಯವರನ್ನು ನೋಡಿ ಮಾಡತಕ್ಕ ಕೆಲಸ ಇದಲ್ಲ. ನಿಮ್ಮ ಮಣ್ಣನ್ನು ನೀವೇ ಹಿಡಿದು ನೋಡಬೇಕು.

ಬಿತ್ತನೆಗೆ ಕಾಲವನ್ನರಿಯಬೇಕು. ಜೂನ್ ತಿಂಗಳಲ್ಲಿ ಮೃಗಶಿರೆಯ ಮಳೆ ಬೀಳುತ್ತಲೇ ಹೀರೆ, ಹಾಗಲಗಳ ಬೀಜವೂರಿ ಬೇಲಿಗೆ ಹಬ್ಬಿಸಬಹುದು. ಬಸಳೆಗೆ ಬೀಜವೇ ಬೇಡ. ಒಂದು ತುಂಡು ಬಳ್ಳಿ ನೆಟ್ಟರೆ ಸಾಕು. ಹೊಸಬರು ಮೆಂತ್ಯದಿಂದ ಆರಂಭಿಸುವುದು ಲೇಸು. ಮೂರು ನಾಲ್ಕು ವಾರಗಳಲ್ಲಿ ಸೊಪ್ಪು ಕೈಗೆ ಬಂದು ಉತ್ಸಾಹವು ಇಮ್ಮಡಿಸುವುದು. ಕೊತ್ತಂಬರಿ ಬೀಜವನ್ನು ಮೆಲ್ಲಗೆ ಉಜ್ಜಿ ಎರಡು ಹೋಳಾಗಿಸಿ ಬಿತ್ತತಕ್ಕದ್ದು.

ನಮಗೆ ಸೋಲೂ ಆಯಿತು. ಮೊದಲ ಬೆಂಡೆಯ ಮಡಿಯಲ್ಲಿ ಎಲೆಯ ನರಗಳೆಲ್ಲ ಹಳದಿಯಾಗಿ ಗಿಡಗಳು ಕುಗ್ಗಿದುವು. ಇದು ಬಿಳಿನೊಣವು ಹರಡುವ ನಂಜುರೋಗವೆಂದೂ, ತಗುಲಿದ ಗಿಡವನ್ನು ಕಿತ್ತುಹಾಕುವುದೇ ದಾರಿಯೆಂದೂ ತಿಳಿದೆವು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಈ ರೋಗವನ್ನು ತಡೆಯಬಲ್ಲ 'ಅರ್ಕಾ ಅನಾಮಿಕಾ' ಎಂಬ ತಳಿಯನ್ನು ರೂಪಿಸಿರುವರು. ಎರಡನೆಯ ಸಲ ಅದನ್ನೇ ಬಿತ್ತಿದೆವು. ಒಂದೂವರೆ ತಿಂಗಳಲ್ಲಿ ಎಳೆಯ ಕಾಯಿ ಸಿಕ್ಕಿತು.

ನೀರಿನ ವಿಷಯದಲ್ಲಿ ಒಂದು ಎಚ್ಚರಿಕೆ. ಅಡುಗೆಮನೆಯಲ್ಲಿ ಕಾಳು, ತರಕಾರಿ ತೊಳೆದ ನೀರು ಸೊಪ್ಪಿನ ಮಡಿಗೆ ಸಲ್ಲುವುದು. ಬಚ್ಚಲ ನೀರನ್ನು ಬಾಳೆಗೂ ಕಾಬಾಳೆಗೂ ಹರಿಯಬಿಡಬಹುದು. ಸೋಪಿನ ಪುಡಿ ಹಾಕಿ ಬಟ್ಟೆ ಒಗೆದ ನೀರನ್ನು ಮಾತ್ರ ಸೊಪ್ಪಿಗೆ ಎಂದೂ ಸೋಕಿಸಬಾರದು.

ಊಟಕ್ಕೆ ಸೊಪ್ಪಾದರೆ ಮನಸ್ಸಿಗೆ ಹೂವು. ಕನಕಾಂಬರ, ದಾಸವಾಳಗಳು ಹೆಚ್ಚು ಆರೈಕೆ ಬೇಡುವುದಿಲ್ಲ. ಸೇವಂತಿಗೆಯ ಗುಟ್ಟೇ ಬೇರೆ. ಹಗಲು ಕಿರಿದಾಗಿ ಇರುಳು ಹಿರಿದಾಗುತ್ತಿದ್ದಂತೆ ಅದು ಮೊಗ್ಗೊಡೆಯುವುದು. ಹರಿಹರದ ಬಂಧುಗಳ ಅಂಗಳದಲ್ಲಿ ತುಳಸಿಯೂ ಬಿಲ್ವವೂ ಅಕ್ಕಪಕ್ಕದಲ್ಲಿವೆ. 1224ರಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು ಕಟ್ಟಿಸಿದ ಗುಡಿಯಲ್ಲಿ ಹರಿಯೂ ಹರನೂ ಒಂದೇ ಮೂರ್ತಿಯಾಗಿ ನಿಂತಿರುವ ಊರಿಗೆ ಇದು ಒಪ್ಪುವ ಜೋಡಿಯೇ ಸರಿ.

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯುಂಟು. ನೆಗಡಿಯಾದಾಗ ದೊಡ್ಡಪತ್ರೆಯ ಕಷಾಯ ಕುಡಿದು ಹಾಯೆನಿಸಿಕೊಂಡವರು ಈ ಗಾದೆಯನ್ನು ನಂಬರು. ಆದರೂ ರೋಗ ಬಲವಾದರೆ ವೈದ್ಯರಲ್ಲಿಗೇ ಹೋಗತಕ್ಕದ್ದು. ಹಿತ್ತಲು ವಾಸಿಮಾಡುವ ಬೇನೆ ಬೇರೊಂದುಂಟು. ಮೊಣಕಾಲು ನೋವಿನಿಂದ ಮೂಲೆ ಹಿಡಿದು ಕುಳಿತಿದ್ದ ನಮ್ಮ ತಾಯಿಯವರು ಈಗ ಬೆಳಗಾದೊಡನೆ ಕೋಲೂರಿಕೊಂಡು ಮಡಿಗಳ ಬಳಿಗೆ ಬರುವರು. ಸೊಪ್ಪೆಲ್ಲ ಅಂಗಡಿಯಲ್ಲಿಯೇ ಹುಟ್ಟುವುದೆಂದು ತಿಳಿದಿದ್ದ ಮೊಮ್ಮಗಳು ಅಜ್ಜಿಯ ಹಿಂದೆಯೇ ಚೊಂಬು ಹಿಡಿದು ನಡೆಯುವಳು. ನೋವು ಹೋಗಿಲ್ಲ, ಅದರ ಮಾತು ಮಾತ್ರ ಮನೆಯಲ್ಲಿ ಕಡಮೆಯಾಗಿದೆ.

ಕೈ ಕೆಸರಾದರೆ ಬಾಯಿ ಮೊಸರು. ಮನೆ ಕಟ್ಟಿಸುತ್ತಿರುವ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೇ: ನಾಲ್ಕು ಮೊಳ ಮಣ್ಣನ್ನಾದರೂ ಮುಚ್ಚದೆ ಉಳಿಸಿರಿ. ಈಗಾಗಲೇ ಮುಚ್ಚಿದ್ದರೆ ನಾಲ್ಕು ಕುಂಡಗಳನ್ನು ತನ್ನಿರಿ. ನಾಳೆ ಅಕ್ಕಿ ತೊಳೆದ ನೀರನ್ನು ಚೆಲ್ಲುವ ಮುನ್ನ ಒಮ್ಮೆ ಯೋಚಿಸಿರಿ.