ಊಜಿಯನ್ನೂ ತಿನ್ನೋರಿದ್ದಾರೆ

ನಮ್ಮದು ಆನೇಕಲ್ ತಾಲೂಕು. ರಾತ್ರಿ ಹುಳು ಮನೆ ಬಾಗಿಲಲ್ಲಿ ನಿಂತರೆ ಎಲೆಕ್ಟ್ರಾನಿಕ್ ಸಿಟಿ ದೀಪ ಕಾಣುತ್ತದೆ. ಸುತ್ತ ಲೇಔಟ್ ಆಗಿದ್ದರೂ ಒಂದು ಎಕರೆ ಹಿಪ್ಪುನೇರಳೆ ಉಳಿಸಿಕೊಂಡಿದ್ದೇವೆ.

ಹೋದ ಮಳೆಗಾಲ ನಾಲ್ಕನೇ ಜ್ವರದಿಂದ ಎದ್ದ ಹುಳುಗಳ ಮೈಮೇಲೆ ಕಪ್ಪು ಚುಕ್ಕೆ ಕಂಡಿತು. ಊಜಿ! 100 ಮೊಟ್ಟೆಗೆ ಬಂದದ್ದು 42 ಕೆಜಿ ಗೂಡು. ಅದರಲ್ಲೂ ತೂತು ಗೂಡು ಬಹಳ. ತೂತು ಬಿದ್ದ ಗೂಡಿನಲ್ಲಿ ನೂಲು ಬಿಚ್ಚಲು ಬರುವುದಿಲ್ಲ. ಆ ಸಲ ಸಾಲದ ಕಂತು ಕಟ್ಟಲು ಆಗಲಿಲ್ಲ.

ಬಿಸಿಲು ಹಿಡಿದು ತನ್ನ ಊಟ ತಾನೇ ಮಾಡಿಕೊಳ್ಳುವುದು ಸೊಪ್ಪು ಮಾತ್ರ. ಹುಳು, ನೊಣ, ನಾವು, ಎಲ್ಲರೂ ಇನ್ನೊಂದು ಜೀವವನ್ನು ತಿಂದೇ ಬದುಕಬೇಕು. ತಿಂದದ್ದೆಲ್ಲ ಮೈಗೆ ಹತ್ತುವುದೂ ಇಲ್ಲ. 100 ಮೊಟ್ಟೆ ಹುಳುವಿಗೆ ಹೆಚ್ಚುಕಡಿಮೆ 1 ಟನ್ ಸೊಪ್ಪು ಹಾಕುತ್ತೇವೆ. ಒಳ್ಳೆ ಬೆಳೆಯಾದರೂ ಸಿಗುವುದು 60-70 ಕೆಜಿ ಗೂಡು. ಉಳಿದದ್ದು ಹಿಕ್ಕೆಯಾಗಿ, ಉಸಿರಾಗಿ, ನೀರಾಗಿ ಹೋಯಿತು. ಅಷ್ಟು ಸೊಪ್ಪನ್ನು ನಮ್ಮ ಖರ್ಚಿನಲ್ಲಿ ಹುಳು ಮಾಂಸ ಮಾಡಿಟ್ಟ ಮೇಲೆ ಊಜಿ ಬಂದು ಕೂರುತ್ತದೆ. ಜಾಣ ನೊಣ.

ಕರ್ನಾಟಕಕ್ಕೆ ಇದು ಬಂದದ್ದು 1980ರಲ್ಲಿ, ಪಶ್ಚಿಮ ಬಂಗಾಳದ ಗೂಡಿನ ಜೊತೆ. ಮನೆನೊಣಕ್ಕಿಂತ ದೊಡ್ಡದು, ಬೂದು ಬಣ್ಣ. ಹುಳುವಿನ ಚರ್ಮದ ಮೇಲೆ ಒಂದೆರಡು ಮೊಟ್ಟೆ ಅಂಟಿಸುತ್ತದೆ. ಎರಡು ಮೂರು ದಿನಕ್ಕೆ ಮರಿ ಒಡೆದು ಒಳಗೆ ನುಗ್ಗುತ್ತದೆ. ಆ ಗಾಯವೇ ಕಪ್ಪು ಚುಕ್ಕೆ. ಒಳಗೆ ತಿಂದು ಕೊಬ್ಬಿ, ಒಂದು ವಾರದಲ್ಲಿ ಹೊರಬಂದು ಸಂದುಗೊಂದು, ಮಣ್ಣು ಸೇರಿ ಕೋಶವಾಗುತ್ತದೆ. 10-12 ದಿನಕ್ಕೆ ಮತ್ತೆ ನೊಣ.

ನನ್ನ ತಪ್ಪು ಇಲ್ಲೇ ಆದದ್ದು. ಮರಿಗಳನ್ನು ಕಸದ ಜೊತೆ ಗುಡಿಸಿ, ಹುಳು ಮನೆ ಪಕ್ಕದ ತಿಪ್ಪೆಗೇ ಸುರಿಯುತ್ತಿದ್ದೆ. ಪಕ್ಕದ ಹೊಲದ ದೊಡ್ಡಪ್ಪ ನೋಡಿ, "ಏನಪ್ಪಾ, ರೇಷ್ಮೆ ಜೊತೆ ಊಜೀನೂ ನೀನೇ ಸಾಕ್ತಾ ಇದೀಯಾ?" ಅಂದರು.

ಊಜಿಗೆ ಔಷಧಿ ಹೊಡೆಯೋಣವೆಂದರೆ ರೇಷ್ಮೆ ಹುಳುವೂ ಸಾಯುತ್ತದೆ. ಆದರೆ ಊಜಿಯನ್ನೂ ತಿನ್ನುವ ಒಂದು ಜೀವವಿದೆ. ನೆಸೊಲಿಂಕ್ಸ್ ಥೈಮಸ್ ಎಂಬ ಸಣ್ಣ ಕಪ್ಪು ಕಣಜ. ಇರುವೆಯಷ್ಟೂ ಇಲ್ಲ. ಊಜಿಯ ಕೋಶ ಹುಡುಕಿ ಚುಚ್ಚಿ, ಒಳಗೆ ಮೊಟ್ಟೆ ಇಡುತ್ತದೆ. ಮರಿಗಳು ಊಜಿಯನ್ನು ತಿಂದು ಮುಗಿಸುತ್ತವೆ. ನೊಣ ಬರಬೇಕಾದ ಕೋಶದಿಂದ ಹತ್ತಾರು ಕಣಜ ಹೊರಡುತ್ತವೆ. ರೇಷ್ಮೆ ಹುಳುವಿನ ತಂಟೆಗೆ ಹೋಗುವುದಿಲ್ಲ. 100 ಮೊಟ್ಟೆಗೆ 1 ಲಕ್ಷ ಕಣಜ ಎಂಬುದು ಶಿಫಾರಸು. ಲಕ್ಷ ಅಂದರೆ ಗಾಬರಿ ಬೇಡ, ಸಣ್ಣ ಚೀಲಗಳಲ್ಲಿ ಬರುತ್ತದೆ. ರೇಷ್ಮೆ ಇಲಾಖೆಯವರನ್ನು ಮೊದಲೇ ಕೇಳಿಡಿ, ಚುಕ್ಕೆ ಕಂಡ ಮೇಲೆ ಓಡಿದರೆ ತಡವಾಗುತ್ತದೆ.

ಚೀಲಗಳನ್ನು ಹುಳು ಮನೆಯಲ್ಲಿ ಕಟ್ಟಿದೆ. ಗೂಡು ಬಿಡಿಸಿದ ಮೇಲೆ ಚಂದ್ರಿಕೆ ಹತ್ತಿರ, ತಿಪ್ಪೆ ಹತ್ತಿರ ಕೂಡ ಇಟ್ಟೆ. ಅಲ್ಲಿ ಸುತ್ತಮುತ್ತ ಔಷಧಿ ಹೊಡೆಯಬಾರದು, ಕಣಜವೂ ಸಾಯುತ್ತದೆ. ಕಿಟಕಿಗೆ ನೈಲಾನ್ ಬಲೆ ಹಾಕಿಸಿದೆ. ಕಂಡ ಮರಿಗಳನ್ನು ಆರಿಸಿ ಸೋಪಿನ ನೀರಿಗೆ ಹಾಕುತ್ತೇವೆ.

ಮುಂದಿನ ಬೆಳೆ 51 ಕೆಜಿ, ಅದರಾಚೆಯದು 59. ಪಕ್ಕದ ಎರಡು ಮನೆಯವರೂ ಕಣಜ ಬಿಟ್ಟರೆ ಇನ್ನೂ ಒಳ್ಳೆಯದು. ನೊಣಕ್ಕೆ ಬೇಲಿ ಗೊತ್ತಿಲ್ಲವಲ್ಲ. ಒಬ್ಬರು ಒಪ್ಪಿದ್ದಾರೆ, ಇನ್ನೊಬ್ಬರು ತೋಟವನ್ನೇ ಮಾರುವ ಮಾತಾಡುತ್ತಿದ್ದಾರೆ.