ಹಾಡಿದ್ದರೆ ಸಾಕೇ ಮಕ್ಕಳ ಸಿನಿಮಾಕ್ಕೆ?

ಜರ್ಮನಿಯ ಸಿನಿಮಾ ಪೋಸ್ಟರುಗಳಲ್ಲಿ, ಡಿವಿಡಿಗಳ ಮೇಲೆ ಬಣ್ಣದ ಸಣ್ಣ ಗುರುತೊಂದು ಇರುತ್ತದೆ. ಬಿಳಿಯದರಲ್ಲಿ 0, ಹಳದಿಯದರಲ್ಲಿ 6, ಹಸಿರಿನಲ್ಲಿ 12, ನೀಲಿಯಲ್ಲಿ 16, ಕೆಂಪಿನಲ್ಲಿ 18. ಚಿತ್ರೋದ್ಯಮವೇ 1949ರಲ್ಲಿ ಕಟ್ಟಿಕೊಂಡ, ವೀಸ್‌ಬಾಡೆನ್‌ನಲ್ಲಿರುವ ಎಫ್‌ಎಸ್‌ಕೆ ಎಂಬ ಸಂಸ್ಥೆ ಚಿತ್ರ ನೋಡಿ ಗೊತ್ತುಮಾಡುವ ವಯಸ್ಸು ಇದು. ನಮ್ಮಲ್ಲಿ ‘ಯುಎ’ ಎಂದರೆ ಹೆತ್ತವರಿಗೆ ಕೊಡುವ ಎಚ್ಚರಿಕೆ. 2023ರ ತಿದ್ದುಪಡಿಯಿಂದ ಅದು 7, 13, 16 ಎಂದು ಮೂರಾದ ಮೇಲೂ ತೀರ್ಮಾನ ಅಪ್ಪ ಅಮ್ಮನದೇ. ಜರ್ಮನಿಯಲ್ಲಿ ಹಾಗಲ್ಲ. 6ರ ಗುರುತಿನ ಚಿತ್ರಕ್ಕೆ ಐದು ವರ್ಷದ ಮಗುವನ್ನು ಅಪ್ಪ ಅಮ್ಮ ಇಬ್ಬರೂ ಜೊತೆಗಿದ್ದರೂ ಒಳಗೆ ಬಿಡುವಂತಿಲ್ಲ. ದೊಡ್ಡವರು ಜೊತೆಗಿದ್ದಾರೆಂದು ಸಡಿಲವಾಗುವುದು 12ರ ಗುರುತು ಮಾತ್ರ, ಅದೂ ಆರು ತುಂಬಿದವರಿಗೆ. ಕಟ್ಟು ಇಷ್ಟು ಬಿಗಿಯಾಗಿರುವಾಗ, 0 ಎಂದು ಬರೆದ ಹಾಡು ಕುಣಿತದ ಚಿತ್ರವನ್ನು ಮೂರು ವರ್ಷದ ಮಗುವಿಗೆ ಕಣ್ಣುಮುಚ್ಚಿ ತೋರಿಸಬಹುದು ಎಂದು ನಂಬುವುದು ಸುಲಭ. ಆದರೆ ತನ್ನ ಅಂಕಿ ಶಿಫಾರಸಲ್ಲ ಎಂದು ಎಫ್‌ಎಸ್‌ಕೆಯೇ ಹೇಳುತ್ತದೆ. ಆ ವಯಸ್ಸಿನವರಿಗೆ ಹಾನಿಯಾಗಲಾರದು ಎಂಬುದಷ್ಟೇ ಅದರ ತೀರ್ಪು. ಮಗುವಿಗೆ ಅರ್ಥವಾಗುತ್ತದೆಯೇ, ಹಿಡಿಸುತ್ತದೆಯೇ ಎಂಬುದು ಅಲ್ಲಿ ತೀರ್ಮಾನವಾಗಿರುವುದಿಲ್ಲ.

ಹಾಡಿನಿಂದ ಚಿತ್ರ ಸೌಮ್ಯವಾಗುವುದಿಲ್ಲ ಎನ್ನಲು ಡಿಸ್ನಿಯ ಎರಡು ಚಿತ್ರಗಳೇ ಸಾಕು. 1994ರ ‘ಲಯನ್ ಕಿಂಗ್’ಗೆ ಜರ್ಮನಿಯಲ್ಲಿ 0 ಸಿಕ್ಕಿತು, 2019ರಲ್ಲಿ ಅದೇ ಕಥೆ, ಬಹುಪಾಲು ಅವೇ ಹಾಡುಗಳೊಂದಿಗೆ ಮತ್ತೆ ಬಂದಾಗ 6 ಆಯಿತು. 1967ರ ‘ಜಂಗಲ್ ಬುಕ್’ 0, 2016ರದು 6. ಕೈಯಲ್ಲಿ ಬರೆದ ಸಿಂಹದ ಜಾಗಕ್ಕೆ ನಿಜದ್ದೇ ಎನಿಸುವ ಸಿಂಹ ಬಂತು. 88 ನಿಮಿಷದ ಚಿತ್ರ 118 ನಿಮಿಷವಾಯಿತು. ಹಾಡು ಉಳಿದರೂ ವಯಸ್ಸು ಏರಿತು. ಇನ್ನು 0 ಪಡೆದ ಹಳೆಯ ‘ಲಯನ್ ಕಿಂಗ್’ ಚಿತ್ರವನ್ನೇ ನೋಡಿ. ರಾಜನಾಗುವ ಕನಸು ಕಾಣುತ್ತ ಹಾಡಿ ಕುಣಿದ ಮರಿ, ಮುಂದೆ ಕಣಿವೆಯಲ್ಲಿ ಕಾಡುಪ್ರಾಣಿಗಳ ಹಿಂಡು ನುಗ್ಗಿ ಹೋದ ಮೇಲೆ, ಧೂಳಿನಲ್ಲಿ ಬಿದ್ದ ಅಪ್ಪನ ಹೆಣವನ್ನು ತಲೆಯಿಂದ ನೂಕಿ ಎಬ್ಬಿಸಲು ನೋಡುತ್ತದೆ. ಅಪ್ಪ ಏಳುವುದಿಲ್ಲ. ಅವನ ಕಿವಿಯನ್ನು ಹಿಡಿದೆಳೆದು, ಕೊನೆಗೆ ಅವನ ಕಾಲಿನಡಿ ತೂರಿಕೊಂಡು ಮಲಗುತ್ತದೆ. ‘ಹಕುನಾ ಮಟಾಟಾ’ ಹಾಡಿನ ನಗು ಬರುವುದು ಇದಾದ ಮೇಲೆ.

ದೊಡ್ಡವರಿಗೆ ಅಷ್ಟು ಸಾಕು. ಕಥೆ ಸುಖವಾಗಿ ಮುಗಿಯುತ್ತದೆಂದು ನಮಗೆ ಗೊತ್ತು. ಶಾಲೆಗೆ ಸೇರದ ಮಗುವಿಗೆ ಕಥೆಯ ಎಳೆ ಹಿಡಿಯಲು ಬರುವುದಿಲ್ಲ, ಅದು ಒಂದೊಂದು ದೃಶ್ಯವನ್ನೂ ಬಿಡಿಬಿಡಿಯಾಗಿ, ಆ ಕ್ಷಣದಲ್ಲೇ ಅನುಭವಿಸುತ್ತದೆ. ಕತ್ತಲು, ಸರಸರನೆ ಬದಲಾಗುವ ದೃಶ್ಯ, ಕಿವಿಗಡಚಿಕ್ಕುವ ಸದ್ದು ಇಷ್ಟರಿಂದಲೇ ಅದಕ್ಕೆ ಭಯ ಹುಟ್ಟಬಹುದು ಎಂಬುದನ್ನು ಎಫ್‌ಎಸ್‌ಕೆ ತನ್ನ ಮಾನದಂಡದಲ್ಲೇ ಒಪ್ಪುತ್ತದೆ. ಒಂದು ಗಂಟೆ ತಡವಾಗಿ ಬರುವ ಸುಖಾಂತ್ಯ ಈಗಿನ ಹೆದರಿಕೆಗೆ ಮದ್ದಲ್ಲ. ನನ್ನ ವಾದ ಇರುವುದು ಇಲ್ಲಿಯೇ: ಶುರು, ನಡು, ಕೊನೆ ಎಲ್ಲವೂ ತನ್ನೊಳಗೇ ಇರುವ ಹಾಡು ಚಿಕ್ಕ ಮಗುವಿನ ಈ ನೋಟಕ್ಕೆ ಬಹಳ ಒಗ್ಗುತ್ತದೆ. ಆದ್ದರಿಂದ ಹಾಡು ಎಷ್ಟಿವೆ ಎಂದು ಎಣಿಸಬೇಡಿ. ಯಾವುದರ ಪಕ್ಕದಲ್ಲಿ ಕೂತಿವೆ, ಏನು ಮಾಡುತ್ತಿವೆ ಎಂದು ನೋಡಿ. ಹೆದರಿದ ಮಗುವಿಗೆ ಉಸಿರಾಡಲು ಬಿಡುವ ಹಾಡೂ ಉಂಟು, ಖಳನ ಸಂಚನ್ನು ನಗಾರಿ ಬಡಿದು ಇನ್ನಷ್ಟು ಭೀಕರವಾಗಿಸುವ ಹಾಡೂ ಉಂಟು. ಡೆಟ್ಲೆಫ್ ಬುಕ್ 2014ರಲ್ಲಿ ತೆಗೆದ ‘ಬೀಬಿ ಉಂಡ್ ಟೀನಾ’ದಲ್ಲಿ ಬೇಸಿಗೆಯ ಬೆಳಕು, ಕುದುರೆಗಳು, ಗೆಳತಿಯರ ಜಗಳ, ಹಾಡುಗಳೂ ಅದೇ ಲಯದವು. ಅದಕ್ಕೂ 0. ಹೆದರಿಸುವುದು ಕಡಿಮೆ, ಆದರೆ ಅದರ ಚುರುಕು ಮಾತು, ತಮಾಷೆ ಮೂರು ವರ್ಷದವರಿಗೆ ದಕ್ಕುವುದಿಲ್ಲ. ಒಂದೇ ಅಂಕಿಯಡಿ ಎಷ್ಟು ಬೇರೆ ಬೇರೆ ಚಿತ್ರಗಳು!

ಮಕ್ಕಳು ಸ್ವಲ್ಪ ಹೆದರಬೇಕು, 1812ರಿಂದ ಗ್ರಿಮ್ ಸಹೋದರರ ತೋಳ, ಮಾಟಗಾತಿಯರ ಕಥೆ ಕೇಳಿಯೇ ಜರ್ಮನ್ ಮಕ್ಕಳು ಬೆಳೆದಿಲ್ಲವೇ ಎಂದು ಕೇಳುವವರಿದ್ದಾರೆ. ಮಾತಿನಲ್ಲಿ ಹುರುಳಿದೆ. ಆದರೆ ಕೇಳಿದ ತೋಳವನ್ನು ಮಗು ತನಗೆ ತಾಳುವಷ್ಟೇ ದೊಡ್ಡದಾಗಿ ಕಲ್ಪಿಸಿಕೊಳ್ಳುತ್ತದೆ. ಕಣ್ಣು ಅಗಲವಾದರೆ ಅಜ್ಜಿ ಕಥೆ ನಿಲ್ಲಿಸುತ್ತಾಳೆ. ಚಿತ್ರಮಂದಿರದಲ್ಲಿ ತೋಳದ ಗಾತ್ರವೂ ಸದ್ದೂ ಇನ್ನೊಬ್ಬರು ಗೊತ್ತುಮಾಡಿದ್ದು, ನಿಲ್ಲಿಸುವವರು ಯಾರೂ ಇಲ್ಲ. ತಜ್ಞರು ನೋಡಿದ ಮೇಲೆ ನಾವೇಕೆ ತಲೆಕೆಡಿಸಿಕೊಳ್ಳಬೇಕು ಎನ್ನುವವರಿಗೆ ಉತ್ತರ ಇನ್ನೂ ಸರಳ: ಸಮಿತಿ ಒಂದು ವಯಸ್ಸನ್ನು ಕುರಿತು ಯೋಚಿಸುತ್ತದೆ, ಈಚೆಗೆ ಅಜ್ಜನನ್ನು ಕಳೆದುಕೊಂಡ ಮಗು, ಮಿಕ್ಸಿ ಸದ್ದಿಗೇ ಕಿವಿ ಮುಚ್ಚುವ ಮಗು ಅದರ ಕಣ್ಣಿಗೆ ಬೀಳುವುದಿಲ್ಲ. ಹೆತ್ತವರಿಗೆ ನೆರವಾಗಲೆಂದೇ ಮ್ಯೂನಿಕ್‌ನ ‘ಫ್ಲಿಮೋ’ ಎಂಬ ಮಾರ್ಗದರ್ಶಿ, ಯಾವ ಚಿತ್ರ ಯಾವ ವಯಸ್ಸಿನವರಿಗೆ ಏಕೆ ಕಷ್ಟ ಎಂದು ವಿವರಿಸುತ್ತದೆ. ಅಂಕಿಗಿಂತ ಆ ಕಾರಣವೇ ಹೆಚ್ಚು ಉಪಯುಕ್ತ.

ಜರ್ಮನಿಯ ಕನ್ನಡ ಮನೆಗಳಿಗೆ ಇನ್ನೊಂದು ತೊಡಕಿದೆ. ಅಲ್ಲಿ ಮಕ್ಕಳ ವಿದೇಶಿ ಚಿತ್ರಗಳು ಸಾಮಾನ್ಯವಾಗಿ ಜರ್ಮನ್‌ಗೆ ಡಬ್ ಆಗಿರುತ್ತವೆ, ಎಷ್ಟೋ ಸಲ ಹಾಡು ಸಹಿತ. ಕಿಂಡರ್‌ಗಾರ್ಟನ್ನಿಗೆ ಸೇರಿ ತಿಂಗಳೆರಡಾದ, ಮನೆಯಲ್ಲಿ ಕನ್ನಡವನ್ನಷ್ಟೇ ಆಡುವ ಮಗುವಿಗೆ ಸಮಾಧಾನ ಹೇಳುವ ಸಾಲು ತಿಳಿಯದೆ ಅಬ್ಬರದ ವಾದ್ಯವಷ್ಟೇ ಉಳಿಯಬಹುದು. ಅಂಥ ಮಗುವಿಗೆ ಮೊದಲು ಮನೆಯಲ್ಲಿ ಹಾಡುಗಳನ್ನು ಕೇಳಿಸಿ, ಕಥೆಯನ್ನು ಕನ್ನಡದಲ್ಲಿ ಹೇಳಿ ಆಮೇಲೆ ಕರೆದೊಯ್ಯುವುದು ಒಳ್ಳೆಯದು. ಇನ್ನು ಅಲ್ಲಿಗೆ ಬರುವ ಭಾರತೀಯ ಚಿತ್ರಗಳಿಗೆ ಟಿಕೆಟ್ ಕೊಳ್ಳುವ ಮೊದಲು ಎಫ್‌ಎಸ್‌ಕೆ ಗುರುತು ಇದೆಯೇ ಎಂದು ಚಿತ್ರಮಂದಿರದಲ್ಲಿ ವಿಚಾರಿಸಿಕೊಳ್ಳಿ. ಗುರುತಿಲ್ಲದ ಕಥಾಚಿತ್ರ, ಅದೆಷ್ಟೇ ಸಾತ್ವಿಕವಾಗಿರಲಿ, 18 ತುಂಬಿದವರಿಗೆ ಮಾತ್ರ.