ಕಂಪನಿಯಿಂದ ಸಾಲದ ರೂಪದಲ್ಲಿ ಹಣ ಪಡೆದ ಗುತ್ತಿಗೆದಾರರಿಗೆ ತೆರಿಗೆ ಬೇಡಿಕೆ: ನಾಗರಿಕರಿಗೆ ಮಾಹಿತಿ

ಪೀಠಿಕೆ

ಗುತ್ತಿಗೆದಾರರಲ್ಲಿ ಕೆಲವರು ಕುಟುಂಬದ ಸದಸ್ಯರೊಡನೆ ಸೇರಿ ಖಾಸಗಿ ನಿಯಮಿತ ಕಂಪನಿಯನ್ನು ಸ್ಥಾಪಿಸಿಕೊಂಡು ಕಾಮಗಾರಿಗಳನ್ನು ನಿರ್ವಹಿಸುತ್ತಾರೆ. ಬಿಲ್ಲಿನ ಮೊತ್ತವು ಕಂಪನಿಯ ಖಾತೆಗೆ ಜಮೆಯಾಗುತ್ತದೆ. ಸ್ವಂತ ಖರ್ಚಿಗೆ ಹಣ ಬೇಕಾದಾಗ ಅದನ್ನು ಸಂಬಳವೆಂದಾಗಲಿ ಲಾಭಾಂಶವೆಂದಾಗಲಿ ತೋರಿಸದೆ, "ಸಾಲ" ಎಂದು ಲೆಕ್ಕಪುಸ್ತಕದಲ್ಲಿ ನಮೂದಿಸಿ ಪಡೆಯುವುದುಂಟು. ಸಾಲವು ಆದಾಯವಲ್ಲ, ಆದುದರಿಂದ ತೆರಿಗೆ ಇಲ್ಲ ಎಂಬ ತಿಳಿವಳಿಕೆ ಇದಕ್ಕೆ ಕಾರಣ. ಈ ತಿಳಿವಳಿಕೆ ಎಲ್ಲ ಸಂದರ್ಭಗಳಲ್ಲಿಯೂ ಸರಿಯಲ್ಲ. ಗುತ್ತೂರು, ಹರಿಹರ ಹಾಗೂ ದಾವಣಗೆರೆ ಭಾಗದ ಗುತ್ತಿಗೆದಾರರ ಅನುಕೂಲಕ್ಕಾಗಿ ಈ ವಿಷಯದ ಕಾನೂನು ಮತ್ತು ಬೇಡಿಕೆ ನೋಟೀಸು ಬಂದಾಗ ಅನುಸರಿಸಬೇಕಾದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಕಾನೂನು ಏನು ಹೇಳುತ್ತದೆ?

ಆದಾಯ ತೆರಿಗೆ ಅಧಿನಿಯಮ, 1961ರ ಕಲಂ 2(22)(ಇ) ಪ್ರಕಾರ, ಖಾಸಗಿ ಕಂಪನಿಯೊಂದು ಶೇ. 10ಕ್ಕೆ ಕಡಿಮೆಯಿಲ್ಲದ ಮತದಾನದ ಹಕ್ಕುಳ್ಳ ತನ್ನ ಷೇರುದಾರನಿಗೆ ಸಾಲ ಅಥವಾ ಮುಂಗಡ ನೀಡಿದಲ್ಲಿ, ಕಂಪನಿಯ ಸಂಚಿತ ಲಾಭದ ಮಿತಿಯೊಳಗೆ ಆ ಮೊತ್ತವನ್ನು ಲಾಭಾಂಶವೆಂದೇ ಪರಿಗಣಿಸಲಾಗುತ್ತದೆ. ಇದನ್ನು ವಾಡಿಕೆಯಲ್ಲಿ "ಡೀಮ್ಡ್ ಡಿವಿಡೆಂಡ್" ಎನ್ನುತ್ತಾರೆ. ದಿನಾಂಕ 1-4-2026ರಿಂದ ಜಾರಿಗೆ ಬಂದ ಆದಾಯ ತೆರಿಗೆ ಅಧಿನಿಯಮ, 2025ರಲ್ಲಿಯೂ ಇದೇ ತತ್ತ್ವವನ್ನು ಮುಂದುವರಿಸಲಾಗಿದೆ. ಅದಕ್ಕೂ ಹಿಂದಿನ ವರ್ಷಗಳಿಗೆ 1961ರ ಅಧಿನಿಯಮವೇ ಅನ್ವಯಿಸುತ್ತದೆ.

ಉದಾಹರಣೆ: ಕಂಪನಿಯ ಸಂಚಿತ ಲಾಭ ರೂ. 6 ಲಕ್ಷ. ಷೇರುದಾರರು ಪಡೆದ ಸಾಲ ರೂ. 10 ಲಕ್ಷ. ಇದರಲ್ಲಿ ರೂ. 6 ಲಕ್ಷವು ಲಾಭಾಂಶವೆನಿಸುತ್ತದೆ, ಉಳಿದ ರೂ. 4 ಲಕ್ಷಕ್ಕೆ ಈ ಕಲಂ ಅನ್ವಯಿಸುವುದಿಲ್ಲ.

ಸಾಲವನ್ನು ಅದೇ ವರ್ಷದಲ್ಲಿ ಹಿಂದಿರುಗಿಸಿದ್ದರೂ ತೆರಿಗೆಯ ಹೊಣೆ ತಪ್ಪುವುದಿಲ್ಲ. ತರುಲತಾ ಶ್ಯಾಮ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ ಹೀಗೆ ತೀರ್ಪು ನೀಡಿದೆ.

ಯಾವುದಕ್ಕೆ ಅನ್ವಯಿಸುವುದಿಲ್ಲ?

1. ಏಕಮಾಲೀಕತ್ವದ ವ್ಯವಹಾರದಲ್ಲಿ ಮಾಲೀಕರು ತಮ್ಮದೇ ಹಣವನ್ನು ಪಡೆದುಕೊಳ್ಳುವುದಕ್ಕೆ.

2. ಸಾಲ ನೀಡಿಕೆಯೇ ವ್ಯವಹಾರದ ಗಣನೀಯ ಭಾಗವಾಗಿರುವ ಕಂಪನಿಯು ಆ ವ್ಯವಹಾರದ ಕ್ರಮದಲ್ಲಿ ಕೊಟ್ಟ ಸಾಲಕ್ಕೆ.

3. ನೈಜ ವ್ಯಾಪಾರ ಮುಂಗಡಕ್ಕೆ. ಕೇಂದ್ರ ನೇರ ತೆರಿಗೆಗಳ ಮಂಡಳಿಯು ದಿನಾಂಕ 12-6-2017ರ ಸುತ್ತೋಲೆ ಸಂಖ್ಯೆ 19/2017ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಕಾಮಗಾರಿಗಾಗಿಯೇ ಮುಂಗಡ ಪಡೆದಿದ್ದಲ್ಲಿ ಕಾರ್ಯಾದೇಶ, ಬಿಲ್ಲುಗಳು ಹಾಗೂ ಬ್ಯಾಂಕ್ ವಿವರಗಳಿಂದ ಅದನ್ನು ರುಜುವಾತುಪಡಿಸಬೇಕು.

ನೋಟೀಸು ಬಂದಾಗ ಮಾಡಬೇಕಾದುದು

ಮೊದಲು ಬೇಡಿಕೆಯು ಯಾವ ವರ್ಷಕ್ಕೆ ಸಂಬಂಧಿಸಿದೆ ಎಂಬುದನ್ನು ನೋಡಬೇಕು. ದಿನಾಂಕ 1-4-2018ರಿಂದ 31-3-2020ರವರೆಗೆ ನೀಡಿದ ಇಂತಹ ಸಾಲಗಳಿಗೆ ಶೇ. 30ರ ದರದ ಲಾಭಾಂಶ ವಿತರಣಾ ತೆರಿಗೆಯನ್ನು (ಅಧಿಭಾರ ಮತ್ತು ಉಪಕರ ಪ್ರತ್ಯೇಕ) ಪಾವತಿಸುವ ಹೊಣೆ ಕಂಪನಿಯದಾಗಿತ್ತು. ದಿನಾಂಕ 1-4-2020ರಿಂದ ಷೇರುದಾರರೇ ತಮಗೆ ಅನ್ವಯಿಸುವ ದರದಲ್ಲಿ ತೆರಿಗೆ ಪಾವತಿಸಬೇಕು.

1961ರ ಅಧಿನಿಯಮದ ಕಲಂ 156ರ ಬೇಡಿಕೆ ನೋಟೀಸು ತಲುಪಿದ ನಂತರ ಸಾಮಾನ್ಯವಾಗಿ 30 ದಿನಗಳೊಳಗೆ ಮೊತ್ತವನ್ನು ಪಾವತಿಸತಕ್ಕದ್ದು. ತಪ್ಪಿದಲ್ಲಿ ಕಲಂ 220(2)ರಂತೆ ತಿಂಗಳಿಗೆ ಶೇ. 1ರ ಬಡ್ಡಿ ಸೇರುತ್ತದೆ. ಬೇಡಿಕೆಯನ್ನು ಒಪ್ಪದವರು:

1. ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಬಾಕಿ ಬೇಡಿಕೆಗೆ ಪ್ರತಿಕ್ರಿಯೆ ದಾಖಲಿಸಿ, ಒಪ್ಪದಿರುವ ಕಾರಣವನ್ನು ತಿಳಿಸಬೇಕು.

2. ನೋಟೀಸು ತಲುಪಿದ 30 ದಿನಗಳೊಳಗೆ ನಮೂನೆ 35ರಲ್ಲಿ ಮೇಲ್ಮನವಿ ಸಲ್ಲಿಸಬೇಕು. ನಿರ್ಧರಿಸಿದ ಆದಾಯಕ್ಕೆ ಅನುಗುಣವಾಗಿ ಶುಲ್ಕವು ರೂ. 250, ರೂ. 500 ಅಥವಾ ರೂ. 1,000 ಆಗಿರುತ್ತದೆ.

3. ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ವಸೂಲಾತಿ ನಿಲ್ಲುವುದಿಲ್ಲ. ಕಲಂ 220(6)ರ ಅಡಿಯಲ್ಲಿ ಕರ ನಿರ್ಧಾರಣಾಧಿಕಾರಿಗೆ ತಡೆಯಾಜ್ಞೆ ಕೋರಿ ಪ್ರತ್ಯೇಕ ಅರ್ಜಿ ಸಲ್ಲಿಸಬೇಕು. ಮಂಡಳಿಯ ದಿನಾಂಕ 31-7-2017ರ ಜ್ಞಾಪನದಂತೆ, ವಿವಾದಿತ ಬೇಡಿಕೆಯ ಶೇ. 20ರಷ್ಟನ್ನು ಪಾವತಿಸಿದಲ್ಲಿ ಸಾಮಾನ್ಯವಾಗಿ ತಡೆಯಾಜ್ಞೆ ದೊರೆಯುತ್ತದೆ.

ಬ್ರಿಟನ್ನಿನ ಅನುಭವ

ಇದೇ ಬಗೆಯ ಸಮಸ್ಯೆ ಬ್ರಿಟನ್ನಿನಲ್ಲಿಯೂ ತಲೆದೋರಿತು. ಅಲ್ಲಿ ಗುತ್ತಿಗೆ ಆಧಾರದಲ್ಲಿ ದುಡಿಯುತ್ತಿದ್ದ ಸಾವಿರಾರು ಮಂದಿ, ಮಧ್ಯವರ್ತಿ ಸಂಸ್ಥೆಗಳು ರೂಪಿಸಿದ ಯೋಜನೆಗಳನ್ನು ನಂಬಿ, ಸಂಭಾವನೆಯ ಬಹುಭಾಗವನ್ನು ಟ್ರಸ್ಟ್‌ಗಳ ಮೂಲಕ ಸಾಲವೆಂದು ಪಡೆದಿದ್ದರು. 2017ರಲ್ಲಿ ಶಾಸನವಾದ "ಲೋನ್ ಚಾರ್ಜ್" ಎಂಬ ತೆರಿಗೆಯು 5-4-2019ರಂದು ತೀರದೆ ಉಳಿದಿದ್ದ ಇಂತಹ ಸಾಲಗಳಿಗೆ ಅನ್ವಯವಾಯಿತು. ಹಲವು ವರ್ಷಗಳ ಮೊತ್ತ ಒಟ್ಟಾಗಿ ಸೇರಿದ್ದರಿಂದ ಅನೇಕ ಕುಟುಂಬಗಳು ತೀವ್ರ ಸಂಕಷ್ಟಕ್ಕೆ ಒಳಗಾದವು. 2019ರ ಡಿಸೆಂಬರ್‌ನಲ್ಲಿ ಪ್ರಕಟವಾದ ಮೋರ್ಸ್ ವರದಿಯ ನಂತರ, 9-12-2010ಕ್ಕಿಂತ ಹಿಂದಿನ ಸಾಲಗಳನ್ನು ಅದರ ವ್ಯಾಪ್ತಿಯಿಂದ ಕೈಬಿಡಲಾಯಿತು. ಎರಡೂ ದೇಶಗಳ ಕಾನೂನು ಬೇರೆಯಾದರೂ ಒಂದು ಅಂಶ ಸಮಾನವಾಗಿದೆ: ಯೋಜನೆಯನ್ನು ಸೂಚಿಸಿದವರಿಗಲ್ಲ, ಹಣ ಪಡೆದವರ ಹೆಸರಿಗೇ ಬೇಡಿಕೆ ಬರುತ್ತದೆ.

ಗಮನಿಸಬೇಕಾದ ಅಂಶಗಳು

ಕಂಪನಿಗಾಗಿ ತಾವು ಮಾಡಿದ ಕೆಲಸಕ್ಕೆ ಪಡೆಯುವ ಹಣವನ್ನು ಸಂಬಳವೆಂದೇ ತೋರಿಸುವುದು ಸೂಕ್ತ. ಕಂಪನಿಯಿಂದ ಸಾಲ ಪಡೆಯುವ ಮುನ್ನ ಸಂಚಿತ ಲಾಭವೆಷ್ಟು ಎಂಬುದನ್ನು ಲೆಕ್ಕಪರಿಶೋಧಕರಿಂದ ತಿಳಿದುಕೊಳ್ಳಬೇಕು. ಕಂಪನಿ ಅಧಿನಿಯಮ, 2013ರ ಕಲಂ 185 ನಿರ್ದೇಶಕರಿಗೆ ಸಾಲ ನೀಡುವುದನ್ನು ನಿರ್ಬಂಧಿಸುತ್ತದೆ ಎಂಬುದನ್ನೂ ಗಮನದಲ್ಲಿಡಬೇಕು. ನೋಟೀಸು ಬಂದಲ್ಲಿ ಅದನ್ನು ಬದಿಗಿರಿಸದೆ, ದಾಖಲೆಗಳೊಂದಿಗೆ ನಿಗದಿತ ಅವಧಿಯೊಳಗೆ ಉತ್ತರಿಸಬೇಕೆಂದು ಕೋರಲಾಗಿದೆ.